ಸರಪಣಿಗೂ ಒಂದು ಆಯುಸ್ಸುಂಟು

ಮೋಟಾರು ಗಾಡಿಗಳ ವ್ಯವಹಾರದಲ್ಲಿ ಒಂದು ಮಾತು ಬಹು ಕಾಲದಿಂದ ರೂಢಿಯಲ್ಲಿದೆ. "ಇಂಜಿನಿನಲ್ಲಿ ಬೆಲ್ಟಿದ್ದರೆ ಕಾಲಕಾಲಕ್ಕೆ ಬದಲಾಯಿಸಬೇಕು, ಚೈನಿದ್ದರೆ ಗಾಡಿಯ ಆಯುಸ್ಸು ಮುಗಿಯುವವರೆಗೆ ಚಿಂತೆಯಿಲ್ಲ." ಗಾಡಿಯನ್ನು ಮಾರುವವರು ಇದನ್ನು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ, ರಿಪೇರಿ ಮಾಡುವವರಲ್ಲಿಯೂ ಅನೇಕರು ಒಪ್ಪುತ್ತಾರೆ. ಕೇಳಲು ಹಿತವಾದ ಈ ಮಾತು ಭೌತಶಾಸ್ತ್ರಕ್ಕೆ ಒಪ್ಪುವುದಿಲ್ಲ. ಇದನ್ನು ಕೈಬಿಡುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಬಂದ ಬಗೆಯನ್ನು ವಾಚಕರ ಮುಂದಿಡುತ್ತೇನೆ.

ನಮ್ಮ ಬೀದಿಯಲ್ಲಿ ವಾಸವಾಗಿರುವ ಒಬ್ಬರು ಪಿಕಪ್ ಗಾಡಿಯೊಂದನ್ನು ಇಟ್ಟುಕೊಂಡು ಕೋಲಾರದ ಮಾರುಕಟ್ಟೆಯಿಂದ ಬೆಂಗಳೂರಿಗೆ ಟೊಮೆಟೊ ಸಾಗಿಸುತ್ತಾರೆ. ಸಂಸಾರವೆಲ್ಲ ಆ ಗಾಡಿಯ ದುಡಿಮೆಯ ಮೇಲೆ ನಿಂತಿದೆ. ಕಳೆದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅವರು ನನ್ನನ್ನು ನಿಲ್ಲಿಸಿ, "ಮೇಷ್ಟ್ರೇ, ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಒಂದೆರಡು ಸೆಕೆಂಡು ಡಬ್ಬದೊಳಗೆ ಕಲ್ಲು ಕುಲುಕಿದ ಹಾಗೆ ಸದ್ದು ಬರುತ್ತೆ, ಆಮೇಲೆ ತಾನೇ ನಿಂತುಹೋಗುತ್ತೆ. ಏನಿರಬಹುದು?" ಎಂದು ಕೇಳಿದರು. ತಾನೇ ನಿಂತುಹೋಗುವ ಸದ್ದಿಗೆ ಹೆದರಬೇಕಾದುದೇನಿದೆಯೆಂದು ಭಾವಿಸಿ, ಮೆಕ್ಯಾನಿಕ್ಕಿಗೆ ತೋರಿಸುವಂತೆ ಹೇಳಿ ನಾನು ಕಾಲೇಜಿಗೆ ಹೊರಟುಹೋದೆ. ಅವರು ತೋರಿಸಿದರು. "ಇದು ಚೈನಿನ ಇಂಜಿನು, ಏನೂ ಆಗೋದಿಲ್ಲ, ಓಡಿಸಿ" ಎಂಬ ಉತ್ತರ ಬಂದಿತು. ಎರಡು ತಿಂಗಳ ನಂತರ, ಮಧ್ಯರಾತ್ರಿಯ ಹೊತ್ತಿನಲ್ಲಿ, ತುಂಬಿದ ಕ್ರೇಟುಗಳೊಡನೆ ಗಾಡಿ ಹೆದ್ದಾರಿಯಲ್ಲಿ ನಿಂತಿತು. ಸರಪಣಿ ಹಲ್ಲು ಹಾರಿತ್ತು. ಪಿಸ್ಟನ್ನುಗಳು ಕವಾಟಗಳಿಗೆ ಬಡಿದು ಅವು ಬಾಗಿದ್ದವು. ಗಾಡಿ ಮೂರು ವಾರ ಗ್ಯಾರೇಜಿನಲ್ಲಿ ಕುಳಿತಿತು. ಸಕಾಲದಲ್ಲಿ ಸರಪಣಿ ಬದಲಾಯಿಸಿದ್ದರೆ ತಗಲುತ್ತಿದ್ದ ಹಣದ ಹಲವು ಪಟ್ಟು ಖರ್ಚಾಯಿತು.

ಮೆಕ್ಯಾನಿಕ್ಕನ್ನು ದೂರುವುದು ಸುಲಭ. ಆದರೆ ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿ, ಘರ್ಷಣೆಯ ನಿಯಮಗಳನ್ನು ವರ್ಷವರ್ಷವೂ ಹಲಗೆಯ ಮೇಲೆ ಬರೆಯುವ ನನಗೂ ಆ ಸದ್ದಿನ ಅರ್ಥವಾಗಲಿಲ್ಲ. ಆ ನಾಚಿಕೆಯೇ ನನ್ನನ್ನು ಈ ವಿಷಯದ ಅಭ್ಯಾಸಕ್ಕೆ ಹಚ್ಚಿತು.

ಮೊದಲು ಸರಪಣಿಯ ಕೆಲಸವೇನೆಂಬುದನ್ನು ನೋಡೋಣ. ನಾಲ್ಕು ಹೊಡೆತಗಳ ಇಂಜಿನಿನಲ್ಲಿ ಪಿಸ್ಟನ್ನಿನ ಏರಿಳಿತವು ಕ್ರ್ಯಾಂಕ್ ದಂಡವನ್ನು ತಿರುಗಿಸುತ್ತದೆ. ಗಾಳಿಯನ್ನು ಒಳಗೆ ಬಿಡುವ, ಹೊಗೆಯನ್ನು ಹೊರಗೆ ಕಳುಹಿಸುವ ಕವಾಟಗಳನ್ನು ಕ್ಯಾಮ್ ದಂಡವು ತೆರೆಯುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗುವಾಗ ಕ್ಯಾಮ್ ಒಂದೇ ಸುತ್ತು ತಿರುಗಬೇಕು. ಆದುದರಿಂದ ಕ್ಯಾಮಿನ ಹಲ್ಲುಚಕ್ರದಲ್ಲಿ ಕ್ರ್ಯಾಂಕಿನ ಹಲ್ಲುಚಕ್ರದ ಎರಡರಷ್ಟು ಹಲ್ಲುಗಳಿರುತ್ತವೆ. ಈ ಎರಡು ಚಕ್ರಗಳನ್ನು ಕೂಡಿಸಿ, ಇಬ್ಬರ ಹೆಜ್ಜೆಯೂ ತಪ್ಪದಂತೆ ನೋಡಿಕೊಳ್ಳುವುದೇ ಟೈಮಿಂಗ್ ಸರಪಣಿ. ನಿಮಿಷಕ್ಕೆ 3000 ಸುತ್ತು ತಿರುಗುವ ಇಂಜಿನಿನಲ್ಲಿ ಪ್ರತಿಯೊಂದು ಕವಾಟವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಅನೇಕ ಇಂಜಿನುಗಳಲ್ಲಿ ತೆರೆದ ಕವಾಟವೂ ಮೇಲಕ್ಕೆ ಬಂದ ಪಿಸ್ಟನ್ನೂ ಒಂದೇ ಜಾಗವನ್ನು ಸರದಿಯಂತೆ ಬಳಸಿಕೊಳ್ಳುತ್ತವೆ. ಸರದಿ ತಪ್ಪಿದರೆ ಡಿಕ್ಕಿ ಖಂಡಿತ.

ಇನ್ನು ಸರಪಣಿಯ ರಚನೆ. ಇಂದು ನಾವು ಸೈಕಲಿನಲ್ಲಿ ಕಾಣುವಂಥ ಬುಷ್ ಮತ್ತು ರೋಲರುಗಳುಳ್ಳ ಸರಪಣಿಯನ್ನು 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ನೆಲಸಿದ್ದ ಸ್ವಿಸ್ ಮೂಲದ ಹಾನ್ಸ್ ರೆನಾಲ್ಡ್ ಎಂಬ ಇಂಜಿನಿಯರು ರೂಪಿಸಿದನು. ಎರಡು ತಗಡುಗಳ ನಡುವೆ ಒಂದು ಬುಷ್. ಅದರೊಳಗೆ ತೂರಿದ ಒಂದು ಪಿನ್ನು. ಹೀಗೆ ಕೊಂಡಿಯ ಮೇಲೆ ಕೊಂಡಿ. ಸರಪಣಿಯು ಹಲ್ಲುಚಕ್ರವನ್ನು ಏರುವಾಗಲೂ ಇಳಿಯುವಾಗಲೂ ಪ್ರತಿಯೊಂದು ಪಿನ್ನು ತನ್ನ ಬುಷ್ಷಿನೊಳಗೆ ಸ್ವಲ್ಪ ತಿರುಗಿ ಉಜ್ಜುತ್ತದೆ. ಎಣ್ಣೆಯ ತೆಳುಪೊರೆ ನಡುವೆ ಇರುವವರೆಗೆ ಸವೆತ ಅತ್ಯಲ್ಪ. ಅತ್ಯಲ್ಪವೆಂದರೆ ಶೂನ್ಯವಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಹಳೆಯ ಸರಪಣಿಯನ್ನು ಕಂಡಾಗ ನಾವು "ಜಗ್ಗಿದೆ" ಎನ್ನುತ್ತೇವೆ. ರಬ್ಬರಿನ ಹಾಗೆ ಉಕ್ಕು ಎಳೆದುಕೊಂಡಿದೆ ಎಂಬ ಭಾವನೆ ಈ ಮಾತಿನಲ್ಲಿದೆ. ಇದು ಎಷ್ಟು ಸರಿಯೆಂಬುದನ್ನು ಒಂದು ಲೆಕ್ಕದಿಂದ ಪರೀಕ್ಷಿಸೋಣ. ಕೊಂಡಿಯೊಂದಕ್ಕೆ 9.525 ಮಿಲಿಮೀಟರಿನಂತೆ 100 ಕೊಂಡಿಗಳುಳ್ಳ ಸರಪಣಿಯನ್ನು ತೆಗೆದುಕೊಳ್ಳಿ. ಉದ್ದ ಸುಮಾರು 95 ಸೆಂಟಿಮೀಟರು. ತಗಡುಗಳ ಅಡ್ಡಕೊಯ್ತ 20 ಚದರ ಮಿಲಿಮೀಟರು ಇರಲಿ. 1000 ನ್ಯೂಟನ್, ಎಂದರೆ ಸುಮಾರು 100 ಕಿಲೋಗ್ರಾಂ ತೂಕದಷ್ಟು ಎಳೆತ ಬೀಳಲಿ. ಉಕ್ಕಿನ ಸ್ಥಿತಿಸ್ಥಾಪಕತೆಯ ಗುಣಾಂಕವನ್ನು ಬಳಸಿ ಲೆಕ್ಕ ಹಾಕಿದರೆ ಇಡೀ ಸರಪಣಿಯು ಹಿಗ್ಗುವುದು ಕಾಲು ಮಿಲಿಮೀಟರಿನಷ್ಟು ಮಾತ್ರ. ಎಳೆತವನ್ನು ತೆಗೆದೊಡನೆ ಅದೂ ಮಾಯವಾಗುತ್ತದೆ. ಆದರೆ ಪ್ರತಿಯೊಂದು ಕೀಲಿನಲ್ಲಿಯೂ ಪಿನ್ನೂ ಬುಷ್ಷೂ ಸೇರಿ 0.05 ಮಿಲಿಮೀಟರು, ಎಂದರೆ ತಲೆಗೂದಲಿನ ದಪ್ಪಕ್ಕೆ ಮೀರದಷ್ಟು, ಸವೆದಿವೆಯೆನ್ನಿ. ನೂರು ಕೀಲುಗಳಲ್ಲಿ ಅದು 5 ಮಿಲಿಮೀಟರು ಆಯಿತು! ಮೊದಲಿನ ಹಿಗ್ಗಿಗಿಂತ ಇದು ಇಪ್ಪತ್ತು ಪಟ್ಟು ದೊಡ್ಡದು. ಮೇಲಾಗಿ ಇದು ಮರಳಿ ಬಾರದು. ಆದುದರಿಂದ ಸರಪಣಿಯ ಉದ್ದ ಹೆಚ್ಚುವುದು ಕೀಲುಗಳ ಸವೆತದಿಂದ. ತಗಡುಗಳು ಇದ್ದಷ್ಟೇ ಇರುತ್ತವೆ.

ವಾಚಕರು ಇದನ್ನು ಸ್ವತಃ ಪರೀಕ್ಷಿಸಬಹುದು. ಸೈಕಲ್ ಚೈನಿನ ಕೊಂಡಿಯೊಂದರ ಅಳತೆ 12.7 ಮಿಲಿಮೀಟರು. ಚೈನನ್ನು ಬಿಗಿಯಾಗಿ ಹಿಡಿದು, ಒಂದು ಪಿನ್ನಿನ ನಡುವಿನಿಂದ ಇಪ್ಪತ್ತನಾಲ್ಕು ಕೊಂಡಿಗಳಾಚೆಯ ಪಿನ್ನಿನ ನಡುವಿಗೆ ಉಕ್ಕಿನ ಸ್ಕೇಲಿನಿಂದ ಅಳೆಯಿರಿ. ಹೊಸದಾದರೆ 304.8 ಮಿಲಿಮೀಟರು ಬರಬೇಕು. ಒಂದೂವರೆ ಮಿಲಿಮೀಟರು ಹೆಚ್ಚಾಗಿದ್ದರೆ ಬದಲಾವಣೆಯ ಕಾಲ ಹತ್ತಿರವಾಯಿತೆಂದು ತಿಳಿಯಬೇಕು. ಮೊನ್ನೆ ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ತಮ್ಮ ಸೈಕಲುಗಳ ಚೈನುಗಳನ್ನು ಹೀಗೆ ಅಳೆದರು. ಪುಸ್ತಕದ ಘರ್ಷಣೆಯಲ್ಲಿ ಅವರಿಗೆ ಎಂದೂ ಹುಟ್ಟದಿದ್ದ ಆಸಕ್ತಿ ಅಂದು ಹುಟ್ಟಿತು.

ಇಂಜಿನಿನೊಳಗೆ ಈ ಸವೆತದ ಪರಿಣಾಮವೇನು? ಮೇಲಿನ ಉದಾಹರಣೆಯಲ್ಲಿ ಕ್ಯಾಮ್ ಚಕ್ರಕ್ಕೆ 36 ಹಲ್ಲುಗಳಿರಲಿ. ಕ್ರ್ಯಾಂಕಿನಿಂದ ಕ್ಯಾಮಿಗೆ ಎಳೆತವನ್ನು ಒಯ್ಯುವ ಪಕ್ಕದಲ್ಲಿಯೂ 36 ಕೊಂಡಿಗಳಿರಲಿ. ಆ ಪಕ್ಕ 1.8 ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಅಷ್ಟರಿಂದಲೇ ಕ್ಯಾಮ್ ಸುಮಾರು 2 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು 4 ಡಿಗ್ರಿ ಹಿಂದೆ ಬೀಳುತ್ತದೆ. ಇಂಜಿನಿನ ಕಸುವು ಸ್ವಲ್ಪ ತಗ್ಗಬಹುದು. ಗಾಡಿ ಓಡಿಸುವವನಿಗೆ ಅದು ತಿಳಿಯದೆಯೇ ಹೋಗಬಹುದು. ಆದರೆ ಸಡಿಲಾದ ಸರಪಣಿ ಒಂದೇ ಒಂದು ಹಲ್ಲು ಹಾರಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಒಮ್ಮೆಗೇ 20 ಡಿಗ್ರಿ ವ್ಯತ್ಯಾಸವಾಗುತ್ತದೆ.

ಸಡಿಲವನ್ನು ಹೀರಿಕೊಳ್ಳಲೆಂದು ಸರಪಣಿಯ ಇನ್ನೊಂದು ಪಕ್ಕದಲ್ಲಿ ಟೆನ್ಷನರು ಇರುತ್ತದೆ. ಬಹುಪಾಲು ಇಂಜಿನುಗಳಲ್ಲಿ ಇದು ಎಣ್ಣೆಯ ಒತ್ತಡದಿಂದ ಮುಂದೆ ಬರುವ ಒಂದು ಪುಟ್ಟ ಕೊಂತ. ಇಂಜಿನು ರಾತ್ರಿಯೆಲ್ಲ ನಿಂತಿದ್ದರೆ ಎಣ್ಣೆ ಕೆಳಗೆ ಇಳಿದಿರುತ್ತದೆ. ಬೆಳಗ್ಗೆ ಹೊರಡಿಸಿದಾಗ ಪಂಪು ಒತ್ತಡವನ್ನು ಕಟ್ಟಲು ಒಂದೆರಡು ಸೆಕೆಂಡು ಬೇಕು. ಸರಪಣಿ ಬಿಗಿಯಾಗಿದ್ದರೆ ಆ ಹೊತ್ತು ಮೌನವಾಗಿ ಕಳೆಯುತ್ತದೆ. ಸವೆದು ಸಡಿಲಾಗಿದ್ದರೆ ಅದು ಅಕ್ಕಪಕ್ಕದ ಪಟ್ಟಿಗಳಿಗೆ ಬಡಿಯುತ್ತದೆ. ನಮ್ಮ ಬೀದಿಯವರು ಕೇಳಿದ ಕಲ್ಲು ಕುಲುಕುವ ಸದ್ದು ಇದೇ. ಆ ಸದ್ದು ತಾನೇ ನಿಂತುಹೋದದ್ದು ರೋಗ ವಾಸಿಯಾದುದರಿಂದಲ್ಲ. ಎಣ್ಣೆಯ ಒತ್ತಡ ಅದನ್ನು ಮುಚ್ಚಿಟ್ಟದ್ದರಿಂದ.

ಇದು ಒಂದು ಗಾಡಿಯ ದುರದೃಷ್ಟವೆಂದು ಯಾರಾದರೂ ಹೇಳಬಹುದು. ಹಾಗಲ್ಲವೆಂಬುದಕ್ಕೆ ಜಗತ್ತಿನ ಪಿಕಪ್ ಗಾಡಿಗಳಲ್ಲೇ ಹೆಸರಾಂತ ಒಂದು ಇಂಜಿನಿನ ಚರಿತ್ರೆಯನ್ನು ನೋಡಬಹುದು. ಜಪಾನಿನ ಟೊಯೋಟ ಕಂಪನಿಯ 22ಆರ್ ಎಂಬ, 2366 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಇಂಜಿನು 1980 ಮತ್ತು 1990ರ ದಶಕಗಳಲ್ಲಿ ಅಮೆರಿಕದಲ್ಲಿ ಆ ಕಂಪನಿಯ ಪಿಕಪ್ ಗಾಡಿಗಳನ್ನು ಓಡಿಸಿತು. ಅದರ ಬಾಳಿಕೆ ಗಾದೆಯ ಮಾತಿನಂತೆ ಹೆಸರಾಗಿದೆ. ಅಂಥ ಎಷ್ಟೋ ಗಾಡಿಗಳು ಇಂದಿಗೂ ಅಲ್ಲಿ ಓಡಾಡುತ್ತಿವೆ. ಮೊದಮೊದಲು ಈ ಇಂಜಿನಿಗೆ ಎರಡು ಸಾಲಿನ ಸರಪಣಿಯಿತ್ತು. 1980ರ ದಶಕದ ಮೊದಲ ಭಾಗದಲ್ಲಿ ಅದರ ಬದಲು ಒಂದೇ ಸಾಲಿನ ಸರಪಣಿ ಬಂದಿತು. ಸರಪಣಿಯನ್ನು ಹಾದಿ ತಪ್ಪದಂತೆ ಹಿಡಿಯುವ ಗೈಡು ಪಟ್ಟಿಗಳೂ ಪ್ಲಾಸ್ಟಿಕ್ಕಿನವಾದವು.

ಮುಂದೆ ನಡೆದುದು ಕಾರ್ಯಕಾರಣ ಸರಣಿಗೆ ಒಳ್ಳೆಯ ಪಾಠ. ಸುಮಾರು 1 ಲಕ್ಷ ಮೈಲಿ, ಎಂದರೆ 1 ಲಕ್ಷ 60 ಸಾವಿರ ಕಿಲೋಮೀಟರಿನ ಆಸುಪಾಸಿನಲ್ಲಿ ಸರಪಣಿ ಸವೆದು ಉದ್ದವಾಗುತ್ತಿತ್ತು. ಟೆನ್ಷನರಿನ ಕೊಂತ ತನ್ನ ಮಿತಿಯನ್ನು ಮುಟ್ಟುತ್ತಿತ್ತು. ಸಡಿಲವಾದ ಸರಪಣಿಯ ಹೊಡೆತಕ್ಕೆ ಪ್ಲಾಸ್ಟಿಕ್ ಗೈಡು ಮುರಿಯುತ್ತಿತ್ತು. ಗೈಡಿಲ್ಲದ ಸರಪಣಿ ಅಲ್ಯೂಮಿನಿಯಮಿನ ಮುಂಗವಚವನ್ನು ಗರಗಸದಂತೆ ಕೊರೆಯತೊಡಗುತ್ತಿತ್ತು. ಆ ಕವಚದ ಗೋಡೆಯ ಹಿಂದೆಯೇ ತಂಪುನೀರಿನ ಹಾದಿ. ಗೋಡೆ ತೂತಾದರೆ ನೀರು ಎಣ್ಣೆಯೊಳಗೆ ಇಳಿದು, ಕ್ರ್ಯಾಂಕಿನ ಬೇರಿಂಗುಗಳು ಹಾಳಾಗುತ್ತಿದ್ದವು. ಕೂದಲೆಳೆಯಷ್ಟು ಸವೆತದಿಂದ ಆರಂಭವಾದದ್ದು ಇಂಜಿನಿನ ನಾಶದಲ್ಲಿ ಮುಗಿಯುತ್ತಿತ್ತು. ಇದನ್ನು ಅರಿತ ಅಲ್ಲಿಯ ಮಾಲೀಕರು ಉಕ್ಕಿನ ಬೆನ್ನುಳ್ಳ ಗೈಡುಗಳನ್ನು ತರಿಸಿ ಹಾಕಿಕೊಳ್ಳತೊಡಗಿದರು. ಇನ್ನೊಂದು ತಯಾರಕರು ಮಾರುವ ಸಾಮಗ್ರಿಯಿಂದ ಮತ್ತೆ ಎರಡು ಸಾಲಿನ ಸರಪಣಿಗೇ ಹಿಂದಿರುಗಿದವರೂ ಉಂಟು.

ಈ ಇಂಜಿನಿನಲ್ಲಿ ಸರಪಣಿ ಬದಲಾಯಿಸುವ ಕ್ರಮವನ್ನು ಗಮನಿಸಿದರೆ ಇನ್ನೂ ಕೆಲವು ಸಂಗತಿಗಳು ತಿಳಿಯುತ್ತವೆ. ನೀರನ್ನೂ ಎಣ್ಣೆಯನ್ನೂ ಬಸಿದು, ಫ್ಯಾನು, ಬೆಲ್ಟುಗಳು, ನೀರಿನ ಪಂಪು, ಕ್ರ್ಯಾಂಕಿನ ರಾಟೆ ಇವನ್ನೆಲ್ಲ ಕಳಚಿದ ಮೇಲೆ ಮುಂಗವಚ ಸಿಕ್ಕುತ್ತದೆ. ಸುತ್ತಲಿನ ಬೋಲ್ಟುಗಳನ್ನೆಲ್ಲ ತೆಗೆದರೂ ಕವಚ ಅಲುಗುವುದಿಲ್ಲ. ಏಕೆಂದರೆ ಸಿಲಿಂಡರಿನ ತಲೆಯ ಮುಂತುದಿಯಲ್ಲಿ, ಎಣ್ಣೆ ನಿಲ್ಲುವ ತಗ್ಗಿನೊಳಗೆ ಮುಳುಗಿಕೊಂಡು, ಮೇಲಿನಿಂದ ಕವಚವನ್ನು ಹಿಡಿದಿರುವ ಒಂದು ಬೋಲ್ಟಿದೆ. ಅದನ್ನು ಅರಿಯದೆ ಕವಚವನ್ನು ಮೀಟಿ ಮುರಿದವರು ಎಷ್ಟೋ ಮಂದಿ. ಹೊಸ ಸರಪಣಿಯಲ್ಲಿ ಹೊಳೆಯುವ ಕೊಂಡಿಗಳಿರುತ್ತವೆ. ಮೊದಲನೆಯ ಪಿಸ್ಟನ್ನನ್ನು ಮೇಲುತುದಿಗೆ ತಂದು, ಆ ಕೊಂಡಿಗಳನ್ನು ಎರಡು ಚಕ್ರಗಳ ಗುರುತುಗಳಿಗೆ ಹೊಂದಿಸಬೇಕು. ಬಳಿಕ ಇಂಜಿನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ ನೋಡಬೇಕು. ಆಗ ಚಕ್ರಗಳ ಗುರುತುಗಳು ಮರಳಿ ಸ್ವಸ್ಥಾನಕ್ಕೆ ಬರುತ್ತವೆ, ಹೊಳೆಯುವ ಕೊಂಡಿಗಳು ಮಾತ್ರ ಬರುವುದಿಲ್ಲ. ಹೊಸಬರು ಇದನ್ನು ಕಂಡು ಗಾಬರಿಯಾಗುತ್ತಾರೆ. ಗಾಬರಿಗೆ ಕಾರಣವಿಲ್ಲ: ನಮ್ಮ ಉದಾಹರಣೆಯ 100 ಕೊಂಡಿಗಳ ಸರಪಣಿಯೂ 36 ಹಲ್ಲುಗಳ ಚಕ್ರವೂ ಮತ್ತೆ ಮೊದಲಿನಂತೆ ಕೂಡುವುದು 900 ಕೊಂಡಿಗಳು ಹಾದುಹೋದ ಮೇಲೆ, ಎಂದರೆ ಕ್ರ್ಯಾಂಕಿನ 50 ಸುತ್ತುಗಳ ನಂತರ. ಪ್ರಾಥಮಿಕ ಶಾಲೆಯ ಲ.ಸಾ.ಅ. ಇಲ್ಲಿ ಕೆಲಸಕ್ಕೆ ಬರುತ್ತದೆ!

ಇಷ್ಟು ಶ್ರಮಪಟ್ಟು ಒಳಹೊಕ್ಕ ಮೇಲೆ ಸರಪಣಿಯೊಂದನ್ನೇ ಬದಲಾಯಿಸಿ ಹೊರಬರುವುದು ಮಿತವ್ಯಯವೆನಿಸದು. ಸವೆದ ಸರಪಣಿ ತನ್ನ ಉದ್ದಕ್ಕೆ ತಕ್ಕಂತೆ ಚಕ್ರದ ಹಲ್ಲುಗಳನ್ನೂ ಸವೆಸಿರುತ್ತದೆ. ಅಂಥ ಹಲ್ಲಿನ ಮೇಲೆ ಹೊಸ ಸರಪಣಿ ಕುಳಿತರೆ ಭಾರವು ಕೊಂಡಿಗಳಿಗೆ ಸಮನಾಗಿ ಹಂಚಿಹೋಗದೆ ಹೊಸದೂ ಬೇಗ ಸವೆಯುತ್ತದೆ. ಆದುದರಿಂದ ಸರಪಣಿ, ಎರಡು ಚಕ್ರಗಳು, ಗೈಡುಗಳು, ಟೆನ್ಷನರು, ಎಣ್ಣೆ ಸೋರದಂತೆ ತಡೆಯುವ ಸೀಲು ಇವೆಲ್ಲವನ್ನೂ ಒಂದು ಕುಟುಂಬವೆಂದು ಬಗೆದು ಒಟ್ಟಿಗೆ ಬದಲಾಯಿಸಬೇಕು. ಬಿಡಿಭಾಗದಲ್ಲಿ ಉಳಿಸಿದ ಹಣ ಮತ್ತೊಮ್ಮೆ ಕಳಚುವ ಕೂಲಿಯಲ್ಲಿ ಹೋಗುತ್ತದೆ.

ಈಗ ಮೊದಲಿನ ಮಾತಿಗೆ ಬರೋಣ. ರಬ್ಬರಿನ ಬೆಲ್ಟಿಗಿಂತ ಉಕ್ಕಿನ ಸರಪಣಿ ಬಲವಾದದ್ದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಲ್ಟು ದುರ್ಬಲವೆಂದು ಎಲ್ಲರಿಗೂ ಗೊತ್ತಿರುವುದರಿಂದ ಅದಕ್ಕೆ ಒಂದು ಅವಧಿ ಗೊತ್ತುಮಾಡಿದ್ದಾರೆ. ಮಾಲೀಕನ ಪುಸ್ತಕದಲ್ಲಿ ಇಷ್ಟು ಕಿಲೋಮೀಟರು, ಇಷ್ಟು ವರ್ಷ ಎಂದು ಅಚ್ಚಾಗಿರುತ್ತದೆ. ಸರಪಣಿಯ ವಿಷಯದಲ್ಲಿ ಸಾಮಾನ್ಯವಾಗಿ ಆ ಪುಟ ಮೌನವಾಗಿರುತ್ತದೆ. ಅಳಿಯುವುದೆಂದು ತಿಳಿದ ವಸ್ತುವನ್ನು ನಾವು ಕಾಯುತ್ತೇವೆ. ಅಳಿಯದೆಂದು ನಂಬಿದ ವಸ್ತುವನ್ನು ಮರೆಯುತ್ತೇವೆ. ಸರಪಣಿಯ ಇಂಜಿನುಗಳಲ್ಲಿ ಎಷ್ಟೋ ವೇಳೆ ಹಾನಿಯಾಗುವುದು ಸರಪಣಿಯ ದೌರ್ಬಲ್ಯದಿಂದಲ್ಲ, ಈ ಮರೆವಿನಿಂದ.

ಸರಪಣಿ ಸವೆಯುತ್ತದೆಂಬುದನ್ನು ಎಣ್ಣೆಯ ಗುಣಮಟ್ಟವನ್ನು ಗೊತ್ತುಮಾಡುವವರೇ ಈಚೆಗೆ ಒಪ್ಪಿಕೊಂಡಿದ್ದಾರೆ. ಪೆಟ್ರೋಲ್ ಇಂಜಿನುಗಳ ಎಣ್ಣೆಗೆಂದು 2020ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಎಪಿಐ ಎಸ್‌ಪಿ ಎಂಬ ಅಮೆರಿಕದ ವರ್ಗದಲ್ಲಿ ಟೈಮಿಂಗ್ ಸರಪಣಿಯ ಸವೆತವನ್ನು ಅಳೆಯುವ ಒಂದು ಪರೀಕ್ಷೆಯೇ ಸೇರಿದೆ. ಸವೆಯದ ವಸ್ತುವಿಗೆ ಸವೆತದ ಪರೀಕ್ಷೆ ಯಾರಿಗೆ ಬೇಕು? ಹಳೆಯ ಎಣ್ಣೆಯಲ್ಲಿ ತೇಲುವ ಮಸಿಯ ಕಣಗಳು ಪಿನ್ನು ಬುಷ್ಷುಗಳ ನಡುವೆ ಸೇರಿ ಅರೆಯುವ ಪುಡಿಯಂತೆ ವರ್ತಿಸುತ್ತವೆ. ಡೀಸೆಲ್ ಇಂಜಿನಿನ ಎಣ್ಣೆಯಲ್ಲಿ ಮಸಿ ಹೆಚ್ಚೆಂಬುದು ಎಲ್ಲರೂ ಬಲ್ಲ ಸಂಗತಿ. ಎಣ್ಣೆ ಬದಲಾಯಿಸುವುದನ್ನು ಒಂದು ತಿಂಗಳು ಮುಂದೂಡಿ ಉಳಿಸಿದೆನೆಂದು ತಿಳಿಯುವವನು ಸರಪಣಿಯ ಆಯುಸ್ಸಿನಿಂದ ಕಡ ತರುತ್ತಿದ್ದಾನೆ.

ನನ್ನ ವಾದಕ್ಕೆ ಒಂದು ಆಕ್ಷೇಪಣೆ ಉಂಟು, ಅದು ನ್ಯಾಯವಾದದ್ದೇ. ಒಳ್ಳೆಯ ಎಣ್ಣೆಯಲ್ಲಿ ಓಡಿದ ಎಷ್ಟೋ ಸರಪಣಿಗಳು ನಿಜವಾಗಿಯೂ ಗಾಡಿಯ ಕೊನೆಯವರೆಗೆ ಬಾಳುತ್ತವೆ. ಚೆನ್ನಾಗಿರುವ ಇಂಜಿನನ್ನು ಸುಮ್ಮನೆ ಬಿಚ್ಚಿದರೆ ಖರ್ಚಿನ ಜೊತೆಗೆ ಹೊಸ ಸೋರಿಕೆಗಳೂ ಹುಟ್ಟಬಹುದು. ಬಡ ಮಾಲೀಕನ ಮೇಲೆ ಇನ್ನೊಂದು ಹೊರೆಯನ್ನೇಕೆ ಹೊರಿಸಬೇಕು? ಇದಕ್ಕೆ ನನ್ನ ಉತ್ತರವಿಷ್ಟೆ: ಅವಧಿ ಬಂದಿತೆಂದು ಕಣ್ಣುಮುಚ್ಚಿ ಬದಲಾಯಿಸಬೇಕೆಂದು ನಾನು ಹೇಳುವುದಿಲ್ಲ, ಅವಧಿಗೊಮ್ಮೆ ಅಳೆಯಬೇಕೆಂದು ಹೇಳುತ್ತೇನೆ. ಕೆಲವು ಇಂಜಿನುಗಳಲ್ಲಿ ಟೆನ್ಷನರಿನ ಕೊಂತ ಎಷ್ಟು ಹೊರಚಾಚಿದೆಯೆಂಬುದನ್ನು ನೋಡಿ ಸವೆತವನ್ನು ತಿಳಿಯಬಹುದು. ಈಚಿನ ಗಾಡಿಗಳಲ್ಲಿ ಇನ್ನೂ ಸುಲಭ: ಕ್ರ್ಯಾಂಕಿಗೊಂದು, ಕ್ಯಾಮಿಗೊಂದು ಸಂವೇದಕವಿದ್ದು, ಅವೆರಡರ ಹೊಂದಾಣಿಕೆಯನ್ನು ಗಾಡಿಯ ಕಂಪ್ಯೂಟರು ಸದಾ ಗಮನಿಸುತ್ತಿರುತ್ತದೆ. ವ್ಯತ್ಯಾಸ ಮಿತಿಮೀರಿದಾಗ ಅದು ಪಿ 0016 ಎಂಬ ಸಂಕೇತವನ್ನು ದಾಖಲಿಸಿ ದೀಪ ಹೊತ್ತಿಸುತ್ತದೆ. ಆದರೆ ದೀಪ ಹೊತ್ತುವ ಮೊದಲೇ, ವ್ಯತ್ಯಾಸ ಕ್ರಮೇಣ ಹೆಚ್ಚುತ್ತಿರುವಾಗಲೇ, ಆ ಅಂಕಿಯನ್ನು ಮಾಲೀಕನಿಗೆ ತೋರಿಸಬಾರದೇಕೆ? ಊರು ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ ಅದು ಮೇಲಲ್ಲವೆ?

ಆದುದರಿಂದ ಮೂವರಲ್ಲಿ ನನ್ನ ವಿನಂತಿ. ಗಾಡಿ ತಯಾರಿಸುವವರು ಮಾಲೀಕನ ಪುಸ್ತಕದಲ್ಲಿ ಸರಪಣಿಗೂ ಒಂದು ಸಾಲನ್ನು ಕೊಡಲಿ. ಯಾವಾಗ ಪರೀಕ್ಷಿಸಬೇಕು, ಎಷ್ಟು ಸವೆತ ಮಿತಿಯೆಂಬುದನ್ನು ಅಚ್ಚುಮಾಡಲಿ. ರಿಪೇರಿ ಮಾಡುವವರು ಬೆಳಗಿನ ಸದ್ದಿನ ದೂರನ್ನು "ಏನೂ ಆಗೋದಿಲ್ಲ" ಎಂದು ತಳ್ಳಿಹಾಕದೆ, ಬೆಳಗಿನ ಹೊತ್ತೇ ಹೋಗಿ ತಣ್ಣಗಿನ ಇಂಜಿನನ್ನು ಕೇಳಲಿ. ಮಧ್ಯಾಹ್ನ ಬಿಸಿಯಾಗಿ ಬಂದ ಗಾಡಿಯಲ್ಲಿ ಆ ಸದ್ದು ಸಿಕ್ಕುವುದಿಲ್ಲ. ಮೂರನೆಯವರು ನನ್ನಂಥ ಅಧ್ಯಾಪಕರು. ಘರ್ಷಣೆಯನ್ನು ಇಳಿಜಾರು ಹಲಗೆಯ ಮೇಲಿನ ಮರದ ತುಂಡಿನಲ್ಲಿಯೇ ಮುಗಿಸಿಬಿಡದೆ ಸೈಕಲಿನ ಚೈನಿನವರೆಗೆ, ಅಲ್ಲಿಂದ ಇಂಜಿನಿನವರೆಗೆ ಕರೆದೊಯ್ದರೆ, ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬನಾದರೂ ನೆರೆಮನೆಯವರ ಪ್ರಶ್ನೆಗೆ ನಾನು ಕೊಡಲಾಗದ ಉತ್ತರವನ್ನು ಕೊಟ್ಟಾನು.

ನಮ್ಮ ಬೀದಿಯ ಪಿಕಪ್ ಗಾಡಿ ಈಗ ಮತ್ತೆ ಓಡುತ್ತಿದೆ. ಅದರ ಬಾಗಿಲ ಒಳಮೈಯಲ್ಲಿ ಹೊಸ ಸರಪಣಿ ಹಾಕಿಸಿದ ತಾರೀಖನ್ನೂ ಆಗಿನ ಕಿಲೋಮೀಟರನ್ನೂ ಮಾಲೀಕರು ಬಣ್ಣದಿಂದ ಬರೆಸಿದ್ದಾರೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಒಂದು ಕ್ಷಣ ಸುಮ್ಮನೆ ಕುಳಿತು ಕಿವಿಗೊಡುತ್ತಾರೆ. ಆನಂತರವೇ ಗೇರು ಹಾಕುತ್ತಾರೆ.